ಔಡಲದ ವಿಷಕ್ಕೆ ಅಕ್ಕ ಹುಡುಕಿದ ಅಣು

ಮೊದಲ ಬರದ ವರ್ಷ ಸಾಯಗಾಂವದ ನಮ್ಮ ಹೊಲದಲ್ಲಿ ಹಸಿರಾಗಿ ಉಳಿದಿದ್ದು ಬದುವಿನ ಔಡಲ ಗಿಡ ಮಾತ್ರ. ಅದರ ಬೀಜ ತಿಂದು ಮೂರು ಕುರಿ ಸತ್ತವು. ಉಳಿದ ಹಿಂಡನ್ನು ಅಪ್ಪ ಔರಾದದ ಆಚೆ, ಮೇವಿದ್ದ ಕಡೆ ಹೊಡೆದುಕೊಂಡು ಹೋದ. ಅಕ್ಕ ಓದಲು ಹೈದರಾಬಾದಿಗೆ ಹೋದಳು. ಮಳೆಯಾದ ಮೇಲೆ ಅಪ್ಪ ಬಂದ. ಅಕ್ಕ ಅಲ್ಲೇ ಉಳಿದಳು.

‘ಕುರಿ ಹಿಂದ ಹೋದವರು ಮಳಿಗಿ ಬರ್ತಾರ. ಈಕಿ ಯಾವ ಮಳಿಗಿ ಬರ್ತಾಳ?’ ಎಂದು ಅವ್ವ ಕೇಳುತ್ತಿದ್ದಳು.

ಔಡಲ ಬೀಜದ ವಿಷ ಜೀವಕೋಶದೊಳಗೆ ಹೊಕ್ಕು, ಅಲ್ಲಿ ಪ್ರೋಟೀನ್ ತಯಾರಾಗುವುದನ್ನೇ ನಿಲ್ಲಿಸುತ್ತದೆ. ಆ ವಿಷದ ಮೈಯಲ್ಲಿ ಒಂದು ತಗ್ಗಿದೆ. ಅದರಲ್ಲಿ ಕೂತು ಅದರ ಕೆಲಸ ತಡೆಯುವ ಸಣ್ಣ ಅಣುವನ್ನು ರೂಪಿಸುವುದು ಅಕ್ಕನ ಕೆಲಸ. ವರ್ಷಗಳ ನಂತರ, ಮತ್ತೊಂದು ಬರದಲ್ಲಿ, ಆಕೆ ಬೀದರಿನ ನನ್ನ ಪತ್ರಿಕೆಯ ಕಚೇರಿಗೆ ಫೋನ್ ಮಾಡಿ, ‘ಅಣು ಕೂತದ ತಮ್ಮಾ, ಗಾಜಿನ ನಳಿಕ್ಯಾಗ ವಿಷ ತಡೀತು’ ಎಂದಳು.

ಇಬ್ಬರನ್ನು ಕೇಳದೆ ಆರು ಸಾಲಿನ ಸುದ್ದಿಯನ್ನೂ ನಾನು ಅಚ್ಚಿಗೆ ಬಿಟ್ಟವನಲ್ಲ. ಅಂದು ಮಾತ್ರ ಊರಿಗೆ ಹೋಗಿ ಅವ್ವನಿಗೆ ಹೇಳಿಬಿಟ್ಟೆ.

‘ಅಂದ್ರ ಆಕಿ ಕೆಲಸ ಮುಗೀತಲ್ಲ?’

‘ಹೌದು’ ಎಂದೆ. ಹಾಗೆಂದು ಅಕ್ಕ ಹೇಳಿರಲಿಲ್ಲ.

ಅವ್ವ ಕೌದಿ ಒಗೆದು ಒಣಹಾಕಿದಳು, ಓಣಿಗೆಲ್ಲ ಹೇಳಿದಳು. ‘ಮಗಳು ಬರ್ತಾಳಂತ ನಾಯಿಗಷ್ಟೇ ಹೇಳಿಲ್ಲ ನೀ’ ಎಂದು ಪಕ್ಕದ ಮನೆಯ ಕಾಕು ನಕ್ಕಳು.

ಮುಂದಿನ ಭಾನುವಾರ ನನ್ನ ಫೋನಿನಲ್ಲಿ ಅಕ್ಕ ಸಿಕ್ಕಳು. ಅವ್ವ ನೇರವಾಗಿ ಕೇಳಿದಳು: ‘ಯಾವಾಗ ಬರ್ತಿ?’

‘ಕೆಲಸ ಇನ್ನೂ ಆಗಿಲ್ಲವ್ವಾ. ನಳಿಕ್ಯಾಗ ತಡೀತದ, ಜೀವಕೋಶದ ಒಳಗ ಹೋಗವಲ್ದು. ಬ್ಯಾರೆ ಅಣು ಮಾಡಬೇಕು.’

‘ಅದು ಒಳಗ ಹೋಗದಿದ್ರ ಬಿಡು. ನೀ ಮನಿಗಿ ಬಾ.’

‘ಹ್ಯಾಂಗ ಬರ್ಲಿ? ಗಾಜಿನ ತಟ್ಟ್ಯಾಗ ಜೀವಕೋಶ ಬೆಳೆಸೀನಿ. ಬಿಟ್ಟು ಬಂದ್ರ ಸಾಯ್ತಾವ.’

‘ಅವಕ್ಕ ಜೀವ ಅದೇನು?’

‘ಅದವ್ವಾ.’

‘ದಿನಾ ಮೇವು ಹಾಕಬೇಕೇನು?’

‘ಎರಡು ದಿನಕ್ಕೊಮ್ಮೆ.’

ಅವ್ವ ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು. ‘ಹಂಗಿದ್ರ ಬಿಟ್ಟು ಬರಬ್ಯಾಡ’ ಎಂದು ಫೋನನ್ನು ನನಗೆ ಕೊಟ್ಟಳು.

ಬಾ ಎನ್ನಲು ನಾನೂ ಮಾತು ಕೂಡಿಸಿಕೊಂಡಿದ್ದೆ. ಅದನ್ನು ಬಿಟ್ಟು, ಹೊಸ ಅಣು ಯಾವಾಗ ಆಗುತ್ತದೆ ಎಂದು ಕೇಳಿದೆ. ಗೊತ್ತಿಲ್ಲ ಎಂದಳು. ಈ ಸಲ ಅವ್ವನಿಗೆ ಅಷ್ಟನ್ನೇ ಹೇಳಿದೆ.