ಹಾವೋ, ಪಾವೋ?

ದೆವ್ವ, ಅಶರೀರವಾಣಿ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ಶುರು ಮಾಡಿದರೆ, “ಸರಿ ಬಿಡಪ್ಪ, ಫೋಟೋ ಇದ್ದರೆ ತೋರಿಸು” ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೂ ಹಾಗೇ ಹೇಳಬಹುದು. ಹೇಳಿ, ನನ್ನ ಹತ್ತಿರ ಫೋಟೋ ಇದೆ! ಕೂಗಿದವರು ಮಾತ್ರ ಅದರಲ್ಲಿಲ್ಲ.

ಎಂಬತ್ತರ ದಶಕದ ಮಾತು. ಕೊಯಮತ್ತೂರಿನ ಪಕ್ಕದ ತುಡಿಯಲೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಹೆಸರಿಗೆ ಸ್ಟುಡಿಯೋ, ನಾನು ಅದರೊಳಗೆ ಕೂತವನೇ ಅಲ್ಲ. ಕೊಯಮತ್ತೂರಿನ ಪಂಪ್ ಕಾರ್ಖಾನೆ, ಪಲ್ಲಡಂನ ಕೋಳಿ ಫಾರಂ, ತಿರುಪ್ಪೂರಿನ ಬನಿಯನ್ ಕಂಪನಿ, ಎಲ್ಲಿಂದ ಕರೆ ಬಂದರೂ ಸ್ಕೂಟರಿಗೆ ಟ್ರೈಪಾಡ್ ಕಟ್ಟಿಕೊಂಡು ಹೊರಡುತ್ತಿದ್ದೆ. ತಲೆಮಾರುಗಳಿಂದ ಇಲ್ಲೇ ನೆಲೆಸಿದ ಕನ್ನಡ ಮಾತಿನ ನೇಯ್ಗೆಯವರಾದ ನಮ್ಮಪ್ಪನಿಗೆ ಮಾತ್ರ ಇದು ಒಂದು ಕೆಲಸ ಅನಿಸಿರಲೇ ಇಲ್ಲ. ಅಷ್ಟರಲ್ಲಿ ದೊಡ್ಡದೊಂದು ರೇಷ್ಮೆ ಸೀರೆ ಅಂಗಡಿಯವರು ಕ್ಯಾಲೆಂಡರಿಗೆ ಚಿತ್ರ ಬೇಕೆಂದರು. ಚೆನ್ನಾಗಿ ಬಂದರೆ ಇನ್ನು ಮುಂದೆ ಅವರ ಕೆಲಸವೆಲ್ಲ ನನಗೆ, ಇಲ್ಲದಿದ್ದರೆ ಮದ್ರಾಸಿನವರಿಗೆ. ಅಪ್ಪ ಹೇಳಿಯೇಬಿಟ್ಟರು: “ಈ ಸಲ ಸರಿಯಾಗ್ಲಿಲ್ಲಾಂದ್ರೆ ಕ್ಯಾಮೆರಾ ಮಾರಿಬುಡು. ಬಂದು ತರಿಲಿ ಕುತ್ಕೊ.” ತರಿ ಎಂದರೆ ಮಗ್ಗ.

ಸಿರುಮುಗೈಯಲ್ಲಿ, ಭವಾನಿ ಹೊಳೆಯ ಮರಳಿನ ಮೇಲೆ, ಬೆಳಗಾಗುವ ಹೊತ್ತಿಗೆ ಸೀರೆ ಉಟ್ಟ ಮಾಡೆಲ್ ಹುಡುಗಿಯನ್ನು ನಿಲ್ಲಿಸಿದೆ. ಹೊಳೆಯ ತುಂಬ ಮಂಜು. ಅಷ್ಟು ಚೆಂದದ ಕೆಂಪು ಸೀರೆ ಲೆನ್ಸಿನಲ್ಲಿ ಒಗೆದು ಒಗೆದು ಬಣ್ಣ ಹೋದ ಪಂಚೆಯಂತೆ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಅಂಗಡಿಯ ಮ್ಯಾನೇಜರ್ ಲೊಚಗುಟ್ಟತೊಡಗಿದರು. ಮಧ್ಯಾಹ್ನ ಹುಡುಗಿಗೆ ರೈಲು, ಮತ್ತೆ ಕರೆಸುವ ಮಾತೇ ಇಲ್ಲ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಕ್ಯಾಮೆರಾಕ್ಕೆ ಕಣ್ಣಿಟ್ಟು ಬಗ್ಗಿದ್ದೇನೆ, ಬೆನ್ನ ಹಿಂದೆಯೇ ಹೆಂಗಸೊಬ್ಬಳು ಕೂಗಿದಳು: “ಆವು! ಆವು!” ನಮ್ಮ ಮನೆಗನ್ನಡದಲ್ಲಿ ಹಕಾರಕ್ಕೆ ಜಾಗವಿಲ್ಲ, ಹಾವು ಎಂದರೆ ಆವು. ಅಯ್ಯಯ್ಯೋ ಎಂದು ಟ್ರೈಪಾಡನ್ನು ತಬ್ಬಿಕೊಂಡೇ ಹಾರಿ ಹಿಂದಕ್ಕೆ ತಿರುಗಿದೆ. ಹಾವಿಲ್ಲ. ಹೆಂಗಸೂ ಇಲ್ಲ. ಒದ್ದೆ ಮರಳಿನಲ್ಲಿ ನಾವು ಮೂವರು ನಡೆದು ಬಂದ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆಯೂ ಇಲ್ಲ.

ಆದರೆ ದಡದ ಮೇಲಿನ ನೇಕಾರರ ಬೀದಿಯಲ್ಲಿ ಮಂಜು ಒಡೆದಿತ್ತು. ಬೀದಿಯುದ್ದಕ್ಕೂ ಕೆಂಪು ರೇಷ್ಮೆಯ ಪಾವು ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಿಸುವ ಮೊದಲು ಉದ್ದಕ್ಕೆ ಹರಡುವ ನೂಲನ್ನು ತಮಿಳಿನಲ್ಲಿ ಪಾವು ಎನ್ನುತ್ತಾರೆ, ನಾವೂ ಹಾಗೇ ಎನ್ನುತ್ತೇವೆ. ಅದರ ಮೇಲೆ ಎಳೆಬಿಸಿಲು ಬಿದ್ದು ಇಡೀ ಬೀದಿ ಧಗಧಗ! ಹುಡುಗಿಯನ್ನು ಓಡಿಸಿಕೊಂಡು ಹೋಗಿ ಪಾವಿನ ಪಕ್ಕ ನಿಲ್ಲಿಸಿದೆ. ಕ್ಲಿಕ್, ಕ್ಲಿಕ್, ಕ್ಲಿಕ್. ಮಂಜು ಮತ್ತೆ ಮುಚ್ಚಿತು. ಮುಚ್ಚಿಕೊಳ್ಳಲಿ, ನನಗೆ ಬೇಕಾದದ್ದು ಸಿಕ್ಕಿಯಾಗಿತ್ತು.

ಏದುಸಿರು ಬಿಡುತ್ತ ಬಂದ ಮ್ಯಾನೇಜರ್ ತಮಿಳಿನಲ್ಲಿ, “ಯಾರುಂಗ ಅದು, ‘ಪಾವು, ಪಾವು’ನ್ನು ಕತ್ತಿನದು?” ಎಂದರು. ಹಾಗೆ ಕೂಗಿದವರು ಯಾರೆಂದು ಅವರ ಪ್ರಶ್ನೆ. ಕನ್ನಡದ ಗಂಧವೇ ಇಲ್ಲದ ಅವರಿಗೆ ಪಾವು ಎಂದು ಕೇಳಿಸಿತ್ತು, ನನಗೆ ಆವು. ಹುಡುಗಿಗೆ ಏನೂ ಕೇಳಿಸಿರಲಿಲ್ಲ. ನೂಲಿಗೆ ಗಂಜಿ ಹಚ್ಚುತ್ತಿದ್ದ ನಮ್ಮ ಕನ್ನಡದವಳೇ ಆದ ಅಜ್ಜಿಯೊಬ್ಬಳನ್ನು ವಿಚಾರಿಸಿದೆ.

“ನಾವ್ಯಾರೂ ಕೂಗ್ಲಿಲ್ಲ ಕಣ್ಣು” ಎಂದಳು, ನಮ್ಮ ಕಡೆ ಮುದ್ದಿಗೆ ಕಣ್ಣು ಎನ್ನುತ್ತಾರೆ. “ಇಲ್ಲಿಂದ ಕೂಗಿದ್ರೂ ಆ ನೀರಿನ ಸದ್ದಲ್ಲಿ ನಿಂಗೆಲ್ಲಿ ಕೇಳ್ಸುತ್ತೆ? ಪೋಟೋ ಬಂತಲ್ಲ, ಬುಡು.”

ಬಂತೆಂದರೆ ಅಂತಿಂಥ ಬರುವುದಲ್ಲ! ಆ ಕ್ಯಾಲೆಂಡರಿಗಾಗಿ ಜನ ಅಂಗಡಿಯಲ್ಲಿ ಜಗಳವಾಡಿದರಂತೆ. ಮದ್ರಾಸಿನವರು ಆಮೇಲೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅಪ್ಪ ಅದನ್ನು ನಡುಮನೆಯಲ್ಲಿ ತೂಗುಹಾಕಿ, ಬಂದವರನ್ನೆಲ್ಲ ಎದುರಿಗೆ ನಿಲ್ಲಿಸಿ, “ನಮ್ ಪೈಯ ತೆಗ್ದದ್ದು”, ನಮ್ಮ ಹುಡುಗ ತೆಗೆದದ್ದು, ಎನ್ನತೊಡಗಿದರು. ಮರೆಯಲ್ಲಿ ನಿಂತು ಕೇಳಿಸಿಕೊಂಡು ನಾನು ಮೀಸೆ ತಿರುವಿದ್ದೂ ಉಂಟು, ಜಂಬ ಅಂದುಕೊಂಡರೆ ಅಂದುಕೊಳ್ಳಿ.

ಅಂಥ ಜಾಗ ಹೇಗೆ ಹುಡುಕಿದಿರಿ ಎಂದು ಇಂದಿಗೂ ಕೇಳುವವರಿದ್ದಾರೆ. ಹುಡುಕಲಿಲ್ಲ ಸ್ವಾಮಿ, ಹೆದರಿ ಹಾರಿದೆ ಎನ್ನುತ್ತೇನೆ. ನಗುತ್ತಾರೆ. ಹೆದರಿಸಿದ್ದು ಯಾರು ಎಂದು ಅವರು ಕೇಳುವುದಿಲ್ಲ, ಸದ್ಯ.