ಪುಟ್ಟಗೌರತ್ತೆಯ ಬಿಸಿನೀರ ಕೈ

ಚಿನಕುರಳಿಯ ನಮ್ಮ ಬೀದಿಯಲ್ಲಿ ಪುಟ್ಟಗೌರತ್ತೆಯ ಕೈಯಲ್ಲಿ ನೀರು ಹುಯ್ಯಿಸಿಕೊಳ್ಳದೆ ಬೆಳೆದ ಮಕ್ಕಳೇ ಇಲ್ಲ. ತೊಣ್ಣೂರಿನಿಂದ ಸೊಸೆಯಾಗಿ ಬಂದವಳು, ಗಂಡ ತೀರಿಕೊಂಡ ವರ್ಷವೇ ಬಾಣಂತಿ ಮನೆಗಳಿಗೆ ಹೋಗಲು ಶುರು ಮಾಡಿದಳು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಹರಳೆಣ್ಣೆ ತೀಡಿ ನೀರು ಹುಯ್ದರೆ ಎಂಥ ರಚ್ಚೆ ಹಿಡಿದ ಕೂಸೂ ನಿದ್ದೆ ಹೋಗುತ್ತಿತ್ತು. ಅವಳು ಹಣೆ ಮುಟ್ಟಿ ಜ್ವರ ಇಲ್ಲ ಅಂದರೆ ಇಲ್ಲ, ಅಷ್ಟೇ. ಇಂದ್ರಮ್ಮ ಎಂಬ ನಾನು ಇದೇ ಊರಿನ ಆಶಾ ಕಾರ್ಯಕರ್ತೆ. ನನ್ನ ಇಬ್ಬರು ಮಕ್ಕಳಿಗೂ ಅವಳೇ ನೀರು ಹುಯ್ದಿದ್ದು.

ನಮ್ಮ ಬೀದಿಯ ಬಾಣಂತಿ ಪೂಜಳ ಕೂಸಿಗೆ ಹದಿನಾಲ್ಕನೇ ದಿನ. ಅವತ್ತು ನಾನು ಮನೆಗೆ ಹೋಗಿ ಕೂಸಿನ ತೂಕ, ಉಸಿರು, ಮೈಶಾಖ ನೋಡಿ ಪುಸ್ತಕದಲ್ಲಿ ಬರೆಯಬೇಕು. ಬಚ್ಚಲಲ್ಲಿ ಪುಟ್ಟಗೌರತ್ತೆ ಹಂಡೆಯ ಬಿಸಿನೀರಿಗೆ ಮೊಣಕೈವರೆಗೂ ಕೈಯಿಟ್ಟು ಹದ ಮಾಡುತ್ತಿದ್ದಳು.

"ರಾತ್ರಿಯಿಂದ ಹಾಲು ಕುಡೀತಿಲ್ಲ ಅಕ್ಕ" ಎಂದಳು ಪೂಜ.

ನಾನು ಥರ್ಮಾಮೀಟರು ತೆಗೆದೆ. ಅಷ್ಟರಲ್ಲಿ ಪುಟ್ಟಗೌರತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂಸಿನ ಹಣೆ ಮುಟ್ಟಿದಳು.

"ತಣ್ಣಗದೆ ಕಣವ್ವ. ಸೀತ ಆಗದೆ. ನೀರು ಹುಯ್ದ್ಮೇಲೆ ಇನ್ನೊಂದು ಟೋಪಿ ಇಕ್ಕು." ಆಮೇಲೆ ನನ್ನ ಕಡೆ ತಿರುಗಿದಳು. "ನೀನ್ಯಾಕಮ್ಮಿ ಕಡ್ಡಿ ಇಡ್ಕೊಂಡು ನಿಂತಿದ್ದೀ? ನನ್ ಕೈಗಿಂತ ನಿನ್ ಕಡ್ಡಿ ಎಚ್ಚಾ? ಮಡಗು ಒಳಕ್ಕೆ!"

ಮಡಗಿಬಿಟ್ಟೆ. ಅವಳ ಬಾಯಿಗೆ ಹೆದರಿದೆ ಅಂದರೆ ಅರ್ಧ ನಿಜ. ಇನ್ನೂ ಎರಡು ಮನೆಗೆ ಹೋಗಬೇಕಿತ್ತು, ಇಲ್ಲಿ ಜಗಳ ಯಾಕೆ ಅನ್ನಿಸಿತು. ಕೂಸನ್ನು ಮುಟ್ಟದೆಯೇ ಪುಸ್ತಕದಲ್ಲಿ ತೊಂಬತ್ತೆಂಟು ಎಂದು ಬರೆದೆ. ನನ್ನ ಕೈಗೆ ಹಾವು ಕಚ್ಚ!

ಮಧ್ಯಾಹ್ನ ಕೂಸು ಬಾಳೆನಾರಿನಂತೆ ಜೋತುಬಿದ್ದಿತ್ತು. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ಎರಡು ಟೋಪಿ, ಸ್ವೆಟರು, ಕಂಬಳಿ ಬಿಚ್ಚಿ ನೋಡಿದರೆ ನೂರಮೂರು. ಅಷ್ಟು ಎಳೆಯ ಕೂಸಿಗೆ ತನ್ನ ಮೈಶಾಖವನ್ನು ತಾನೇ ಹದ ಮಾಡಿಕೊಳ್ಳಲು ಬರುವುದಿಲ್ಲ ಎಂದು ನನಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದರು. ಡಾಕ್ಟರು ಪುಸ್ತಕ ನೋಡಿ, "ಬೆಳಗ್ಗೆ ಸರಿ ಇತ್ತಲ್ವಾ?" ಎಂದರು. ಹೂಂ ಅಂದೆ.

ನಂಜು ರಕ್ತಕ್ಕೆ ಸೇರಿತ್ತಂತೆ. ಹನ್ನೆರಡು ದಿನಕ್ಕೆ ಕೂಸು ಉಳಿದು ಮನೆಗೆ ಬಂತು. ಸೂಜಿ ಚುಚ್ಚಿ ಚುಚ್ಚಿ ಅಂಗೈಯಗಲದ ಜಾಗವೂ ನೀಲಿಗಟ್ಟದೆ ಇರಲಿಲ್ಲ. ಪೂಜ ನನ್ನ ಕೈ ಹಿಡಿದು, "ನೀವಿದ್ದಿದ್ಕೆ ಉಳ್ಕೊಂತು ಅಕ್ಕ" ಎಂದು ಅತ್ತಳು. ನಾನು ಕೈ ಬಿಡಿಸಿಕೊಂಡು ಪುಸ್ತಕವನ್ನು ಚೀಲಕ್ಕೆ ತುರುಕಿದೆ.

ಪುಟ್ಟಗೌರತ್ತೆ ಮಾತ್ರ ಊರೆಲ್ಲ ಹೇಳಿಕೊಂಡು ತಿರುಗಿದಳು: "ಬೆಳಿಗ್ಗೆ ಜರ ಇರ್ನಿಲ್ಲ ಕಣ್ರವ್ವ. ನನ್ ಕೈಯೂ ಅಂಗೇ ಏಳ್ತು, ಇಂದ್ರಿ ಕಡ್ಡೀನೂ ಅಂಗೇ ಏಳ್ತು!"

ಆಮೇಲೆ ಅದೇ ಬೀದಿಯ ಅರ್ಪಿತಳಿಗೆ ಹೆರಿಗೆಯಾಯಿತು. ಏಳನೇ ದಿನ ನಾನು ಹೋದಾಗ ಅದೇ ಹಂಡೆ ನೀರು, ಅದೇ ಕೈ. "ತಣ್ಣಗದೆ, ಕಡ್ಡಿ ಬ್ಯಾಡ ಬುಡು" ಎಂದಳು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಪೂಜನ ಕೂಸಿಗೆ ನಾನು ಕಡ್ಡಿ ಇಡ್ಲೇ ಇಲ್ಲ. ಸುಳ್ಳು ಬರ್ದೆ."

ಅವಳ ಎಡಗೈ ನೀರಿಗೆ ಇಳಿದಿರಲಿಲ್ಲ, ಒಣಗಿತ್ತು. ಅದನ್ನು ಹಿಡಿದು ಕೂಸಿನ ಹಣೆಯ ಮೇಲಿಟ್ಟೆ. ಆಮೇಲೆ ಬಿಸಿನೀರಿಂದೆದ್ದ ಬಲಗೈ ಇಡಿಸಿದೆ. ಒಂದೇ ಹಣೆ, ಎಡಗೈಗೆ ಬೆಚ್ಚಗೆ, ಬಲಗೈಗೆ ತಣ್ಣಗೆ. ಅವಳು ಮತ್ತೊಮ್ಮೆ ಎರಡೂ ಕೈ ಇಟ್ಟು ನೋಡಿದಳು, ಮಗದೊಮ್ಮೆ ನೋಡಿದಳು.

"ಅಯ್ಯೋ ಸಿವನೇ" ಎಂದು ಬಲಗೈಯನ್ನು ಸೆರಗಿಗೆ ಒರೆಸಿಕೊಂಡಳು. "ಇಷ್ಟ್ ವರ್ಸ ಎಷ್ಟ್ ಕೂಸ್ಗೆ ಇಂಗೇ ಏಳಿದ್ನೋ!"

ನಾನು ಥರ್ಮಾಮೀಟರನ್ನು ಕೂಸಿನ ಕಂಕುಳಿಗಿಟ್ಟೆ. ಅದು ಪೀಂ ಎನ್ನುವವರೆಗೂ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ತೊಂಬತ್ತೆಂಟು ಪಾಯಿಂಟ್ ಎರಡು. ಬರೆದುಕೊಂಡೆ.

"ನಂಗೆ ಗೊತ್ತಿರ್ನಿಲ್ಲ ಕಣಮ್ಮಿ" ಎಂದಳು. "ನಿಂಗೆ ಗೊತ್ತಿತ್ತು."

ಪುಸ್ತಕ ಮುಚ್ಚಿ ಪೂಜಳ ಮನೆ ಕಡೆ ಹೊರಟೆ. ಅವಳಿಗೆ ಇನ್ನೂ ಹೇಳಿರಲಿಲ್ಲ.