ಸೆರಗಿಲ್ಲದ ಸೀರೆ

ಮೊದಲು ಕೆಟ್ಟಿದ್ದು ಕಾಲು. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕೂತರೆ ಐದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಎದ್ದು ಓಡಾಡಬೇಕು. ಓಡಾಡಿದರೆ ಎದೆ ಡವಡವ. ಕೂತರೆ ಮತ್ತೆ ಕಾಲು.

ಗಂಡ ಮಸ್ಕತ್‌ನಲ್ಲಿ ಡ್ರೈವರ್. ನಮ್ಮ ಜಗಳ ಹಳೆಯದು. ಈ ಸಲ ರಜೆಗೆ ಬಂದಾಗ ಮೆತ್ತಗಿದ್ದ, ಸರಿಹೋದ ಎಂದುಕೊಂಡೆ. ಏಳು ವರ್ಷದ ಮಗಳು ಚೈತ್ರಾಳಿಗೆ ಹತ್ತು ದಿನ ಅಲ್ಲಿಯ ಸಮುದ್ರ ತೋರಿಸಿ ಕರೆತರುತ್ತೇನೆ ಎಂದ. "ಮಗ್ಗದ ಮೇಲಿರೋ ಸೀರೆ ಇಳಿಯೋದ್ರೊಳಗೆ ಬಂದ್ಬಿಡ್ತೀವಿ." ಅವಳ ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕಿದವಳು ನಾನೇ. ಆ ಸಹಿಗಾಗಿ ನನ್ನನ್ನು ಬೈದುಕೊಂಡಷ್ಟು ಅವನನ್ನೂ ಬೈದಿಲ್ಲ.

ಹನ್ನೊಂದನೇ ದಿನ ಫೋನ್ ಬಂತು. ಅಲ್ಲೇ ಸ್ಕೂಲಿಗೆ ಸೇರಿಸಿದ್ದಾನಂತೆ. ಇನ್ನು ಕಳಿಸುವುದಿಲ್ಲವಂತೆ.

ಆಮೇಲೆ ನನಗೆ ಬಸ್ಸಿನ ಚಟ ಹತ್ತಿತು. ಮೊಳಕಾಲ್ಮೂರಿನಲ್ಲಿ ಹತ್ತುವುದು, ಚಳ್ಳಕೆರೆಯಲ್ಲಿ ಇಳಿದು ಮುಂದಿನ ಬಸ್ಸಿಗೇ ವಾಪಸ್. ಬಸ್ಸು ಓಡುತ್ತಿದ್ದರೆ ಮಾತ್ರ ಕಾಲಿಗೆ ನೆಮ್ಮದಿ, ಬಿ.ಜಿ. ಕೆರೆಯಲ್ಲಿ ಜನ ಹತ್ತಿಸಿಕೊಳ್ಳಲು ನಿಂತರೂ ಸಿಟ್ಟು ಬರುತ್ತಿತ್ತು. "ಏನಕ್ಕಾ, ಚಳ್ಳಕೆರೆಯಾಗೆ ದಿನಾ ಏನ್ ಕೆಲ್ಸ?" ಎಂದ ಕಂಡಕ್ಟರ್. ಇದ್ದಿದ್ದರೆ ಹೇಳುತ್ತಿದ್ದೆ.

ಪ್ರತಿ ಶುಕ್ರವಾರ ಮಗಳ ವಿಡಿಯೊ ಕಾಲ್. ಆಗಲೂ ಫೋನ್ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದೆ. "ಅವ್ವಾ, ಬರೀ ಗೋಡೆ ಕಾಣ್ತೈತೆ. ನೀನೆಲ್ಲಿ?" ಎನ್ನುತ್ತಿದ್ದಳು.

ಇದು ಕಾಯಿಲೆ ಎಂದು ಮೊದಲು ತಿಳಿದದ್ದು ನನ್ನ ಅವ್ವನಿಗೆ. ಮಗ್ಗಕ್ಕೆ ಉದ್ದಕ್ಕೆ ಹೂಡುವ ಒಂದು ಹಾಸಿನಲ್ಲಿ ಮೂರು ಸೀರೆಗಾಗುವಷ್ಟು ಎಳೆ ಇರುತ್ತದೆ. ಒಂದು ದಿನ ಅವಳು ನಾನು ನೇಯ್ದು ಸುತ್ತಿದ್ದನ್ನು ಬಿಚ್ಚಿ ಮೊಳ ಹಾಕುತ್ತ ಹೋದಳು. ಒಂದು ಸೀರೆಯ ಅಳತೆ ದಾಟಿಯೂ ಬರೀ ಒಡಲೇ ಇತ್ತು.

"ಸೆರಗೆಲ್ಲೇ?"

ಮದುವೆಗೆ ಮುಂಚಿನಿಂದ ನೇಯುತ್ತಿದ್ದೇನೆ. ಸೆರಗು ಮರೆಯುವುದೆಂದರೆ ಅಕ್ಕಿ ಒಲೆಗಿಟ್ಟು ನೀರು ಹಾಕುವುದನ್ನು ಮರೆತ ಹಾಗೆ. ಆದರೆ ಸೆರಗು ನೇಯ್ದರೆ ಸೀರೆ ಇಳಿಯುತ್ತದೆ. ಇಳಿದ ಮೇಲೂ ಮಗಳು ಬರದಿದ್ದರೆ?

ಅವ್ವ ನನ್ನನ್ನು ಚಳ್ಳಕೆರೆಯ ಡಾಕ್ಟರ ಹತ್ತಿರ ಕರೆದೊಯ್ದಳು. "ಡಿಪ್ರೆಶನ್, ಜೊತೆಗೆ ಆಂಗ್ಸೈಟಿ" ಎಂದು ಮಾತ್ರೆ ಬರೆದರು. ನಾನು ಕೊಳ್ಳಲಿಲ್ಲ. ಮಗಳಿಗಾಗಿ ಕೇಸ್ ಹಾಕಿದ್ದೆ. ತಾಯಿ ಹುಚ್ಚಿ ಎಂದು ಗಂಡ ಕೋರ್ಟಿನಲ್ಲಿ ಹೇಳಿಬಿಟ್ಟರೆ? ಎರಡು ವಾರ ಒದ್ದಾಡಿ, ಕೊನೆಗೆ ವಕೀಲರಿಗೆ ಹೇಳಿದೆ.

"ಮಾತ್ರೆ ತಗಳಮ್ಮ," ಎಂದರು ಆಕೆ. "ಕೋರ್ಟಿನಾಗೆ ಕೇಳಿದ್ರೆ ನಾನ್ ಉತ್ರ ಕೊಡ್ತೀನಿ. ಮಗಳು ಬಂದಾಗ ನೀನ್ ನೆಟ್ಟಗಿರಬೇಕಲ್ಲ."

ಮೊದಮೊದಲು ಬಾಯಿ ಒಣಗಿತು, ತಲೆ ಮಂಕಾಯಿತು. ಆರನೇ ವಾರ ಒಂದು ಬೆಳಿಗ್ಗೆ ಗುಂಡಿಯಲ್ಲಿ ಕಾಲು ಸುಮ್ಮನಿತ್ತು. ಸೆರಗು ಶುರು ಮಾಡಿದೆ. ಅಳುತ್ತಲೇ ನೇಯ್ದೆ. ರೇಷ್ಮೆ ಮೇಲೆ ಕಣ್ಣೀರು ಬೀಳಿಸಬೇಡ ಎಂದು ಅವ್ವ ಪಕ್ಕದಲ್ಲೇ ಕೂತು ಬೈಯುತ್ತಿದ್ದಳು.

ಹೋದ ಶುಕ್ರವಾರ ಫೋನನ್ನು ಮಗ್ಗಕ್ಕೆ ಒರಗಿಸಿ ಎದುರಿಗೆ ಕೂತೆ.

"ಅವ್ವಾ, ಇವತ್ತು ನೀನು ಕಾಣ್ತಿದೀಯ," ಎಂದಳು ಚೈತ್ರಾ. ಆಮೇಲೆ, "ಸೀರೆ ಇಳೀತಾ?"

"ಇಳೀತು."

"ಮತ್ತೆ ನಾನ್ಯಾವಾಗ ಬರೋದು?"

ಎದೆ ಡವಡವ ಎಂದಿತು. ಏಳಬೇಕೆನಿಸಿತು. ಏಳಲಿಲ್ಲ.

"ಗೊತ್ತಿಲ್ಲ ಕಣವ್ವಾ. ಕೋರ್ಟಿನಾಗೆ ಕೇಳ್ತಾ ಇದೀನಿ. ಬಿಡಲ್ಲ."

ಅವಳು ಬಾಯಿ ತೆರೆದು, ಮುಂದಿನ ಹಲ್ಲು ಬಿದ್ದ ಜಾಗ ತೋರಿಸಿದಳು. ನಾನು ಕೂತೇ ನೋಡಿದೆ.